ಓದುಗರ ಪ್ರಶ್ನೆ, ನಮ್ಮ ಉತ್ತರ: ಯುರೋಪಿನ ತಾರೀಖು, ತಿಂಗಳು, ಗಂಟೆ

ಈ ಸಲದ ಅಂಕಣಕ್ಕೆ ಉತ್ತರ ಕನ್ನಡದಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಯುರೋಪಿನ ಕಾಲಗಣನೆಯ ಬಗ್ಗೆಯೇ ಇದ್ದವು. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಕ್ರಿಸ್‌ಮಸ್ ಪ್ರತಿ ವರ್ಷ ಡಿಸೆಂಬರ್ 25ಕ್ಕೇ ಬರುತ್ತದೆ. ಆದರೆ ಗುಡ್ ಫ್ರೈಡೇ, ಈಸ್ಟರ್ ಒಂದು ವರ್ಷ ಮಾರ್ಚಿನಲ್ಲಿ, ಇನ್ನೊಂದು ವರ್ಷ ಏಪ್ರಿಲ್ ಕೊನೆಗೆ. ಶಾಲೆಯ ವರ್ಷದ ಯೋಜನೆ ಹಾಕುವಾಗ ಪ್ರತಿ ಸಲವೂ ಇಗರ್ಜಿಗೆ ಹೋಗಿ ಕೇಳಬೇಕು. ಇದನ್ನು ನಾವೇ ಲೆಕ್ಕ ಹಾಕಲು ಬರುತ್ತದೆಯೇ?
— ಒಬ್ಬ ಶಿಕ್ಷಕಿ, ಹೊನ್ನಾವರ

ಉತ್ತರ: ಖಂಡಿತ ಬರುತ್ತದೆ. ಒಂದು ಭಾಗಾಕಾರ, ಒಂದು ಪಟ್ಟಿ, ವಾರ ತಿಳಿಯಲು ಒಂದು ಕ್ಯಾಲೆಂಡರ್ ಇದ್ದರೆ ಸಾಕು. ಕ್ರಿಸ್‌ಮಸ್ ಸೂರ್ಯನ ಲೆಕ್ಕದ ಹಬ್ಬ, ಅದಕ್ಕೇ ತಾರೀಖು ಕದಲುವುದಿಲ್ಲ. ಈಸ್ಟರಿಗೆ ಸೂರ್ಯ, ಚಂದ್ರ, ವಾರ ಮೂರೂ ಕೂಡಿ ಬರಬೇಕು. ವಸಂತದಲ್ಲಿ ಹಗಲು–ರಾತ್ರಿ ಸಮನಾಗುವ ದಿನವೆಂದು ಚರ್ಚು ಮಾರ್ಚ್ 21ನ್ನು ಗೊತ್ತು ಮಾಡಿದೆ. ಆ ದಿನ ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಆ ಹುಣ್ಣಿಮೆ ಕಳೆದ ಮೇಲಿನ ಭಾನುವಾರ, ಅದೇ ಈಸ್ಟರ್.

ಮಾಡುವ ಕ್ರಮ ಹೀಗೆ. ಇಸವಿಯನ್ನು 19ರಿಂದ ಭಾಗಿಸಿ, ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಶೇಷ 0 ಬಂದರೆ ಚರ್ಚಿನ ಹುಣ್ಣಿಮೆ ಏಪ್ರಿಲ್ 14. 1ಕ್ಕೆ ಏಪ್ರಿಲ್ 3, 2ಕ್ಕೆ ಮಾರ್ಚ್ 23, 3ಕ್ಕೆ ಏಪ್ರಿಲ್ 11, 4ಕ್ಕೆ ಮಾರ್ಚ್ 31, 5ಕ್ಕೆ ಏಪ್ರಿಲ್ 18, 6ಕ್ಕೆ ಏಪ್ರಿಲ್ 8, 7ಕ್ಕೆ ಮಾರ್ಚ್ 28, 8ಕ್ಕೆ ಏಪ್ರಿಲ್ 16, 9ಕ್ಕೆ ಏಪ್ರಿಲ್ 5, 10ಕ್ಕೆ ಮಾರ್ಚ್ 25, 11ಕ್ಕೆ ಏಪ್ರಿಲ್ 13, 12ಕ್ಕೆ ಏಪ್ರಿಲ್ 2, 13ಕ್ಕೆ ಮಾರ್ಚ್ 22, 14ಕ್ಕೆ ಏಪ್ರಿಲ್ 10, 15ಕ್ಕೆ ಮಾರ್ಚ್ 30, 16ಕ್ಕೆ ಏಪ್ರಿಲ್ 17, 17ಕ್ಕೆ ಏಪ್ರಿಲ್ 7, 18ಕ್ಕೆ ಮಾರ್ಚ್ 27. ಈ ಪಟ್ಟಿ 1900ರಿಂದ 2199ರವರೆಗೆ ನಡೆಯುತ್ತದೆ. ಒಂದು ಹಾಳೆಯಲ್ಲಿ ಬರೆದು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿಕೊಳ್ಳಿ.

2026ನ್ನು ತೆಗೆದುಕೊಳ್ಳಿ. 19ರಿಂದ ಭಾಗಿಸಿದರೆ ಶೇಷ 12. ಹುಣ್ಣಿಮೆ ಏಪ್ರಿಲ್ 2, ಗುರುವಾರ. ಮುಂದಿನ ಭಾನುವಾರ ಏಪ್ರಿಲ್ 5, ಈಸ್ಟರ್. ಅದರಿಂದ 2 ದಿನ ಹಿಂದೆ ಹೋದರೆ ಗುಡ್ ಫ್ರೈಡೇ, ಏಪ್ರಿಲ್ 3. 46 ದಿನ ಹಿಂದೆ ಹೋದರೆ ಉಪವಾಸದ ಕಾಲ ಶುರುವಾಗುವ ಬೂದಿ ಬುಧವಾರ, ಫೆಬ್ರವರಿ 18. ಕಾರ್ನಿವಲ್ ಮುಗಿಯುವುದು ಅದರ ಹಿಂದಿನ ದಿನ. 49 ದಿನ ಮುಂದೆ ಹೋದರೆ ಪವಿತ್ರಾತ್ಮನ ಹಬ್ಬ, ಮೇ 24. 2027ಕ್ಕೆ ಶೇಷ 13, ಹುಣ್ಣಿಮೆ ಮಾರ್ಚ್ 22 ಸೋಮವಾರ, ಹಾಗಾಗಿ ಈಸ್ಟರ್ ಮಾರ್ಚ್ 28.

ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು, ಹುಣ್ಣಿಮೆಯೇ ಭಾನುವಾರ ಬಿದ್ದಾಗ. ಆಗ ಅದೇ ದಿನ ಹಬ್ಬವಲ್ಲ, ಒಂದು ವಾರ ಮುಂದಕ್ಕೆ. 2025ರಲ್ಲಿ ಹೀಗೇ ಆಯಿತು: ಹುಣ್ಣಿಮೆ ಏಪ್ರಿಲ್ 13 ಭಾನುವಾರ, ಈಸ್ಟರ್ ಏಪ್ರಿಲ್ 20. ಎರಡನೆಯದು, ಮನೆಯ ಪಂಚಾಂಗದ ಹುಣ್ಣಿಮೆ ಹಿಡಿದು ಲೆಕ್ಕ ಹಾಕುವುದು. ಚರ್ಚು ಆಕಾಶದ ಚಂದ್ರನನ್ನು ನೋಡುವುದಿಲ್ಲ, ಪಟ್ಟಿಯ ಚಂದ್ರನನ್ನು ನೋಡುತ್ತದೆ. 2019ರಲ್ಲಿ ಮಾರ್ಚ್ 21ಕ್ಕೆ ಹೋಳಿ ಹುಣ್ಣಿಮೆ ಇತ್ತು. ಹಗಲು–ರಾತ್ರಿ ಸಮನಾಗುವ ಕ್ಷಣ ಕೆಲವೇ ತಾಸುಗಳ ಹಿಂದೆ ಆಗಿಹೋಗಿತ್ತು. ಆಕಾಶ ನೋಡಿ ಹೇಳುವುದಾದರೆ ಈಸ್ಟರ್ ಮಾರ್ಚ್ 24ಕ್ಕೆ ಬರಬೇಕಿತ್ತು. ಪಟ್ಟಿಯ ಪ್ರಕಾರ ಮಾರ್ಚಿನ ಹುಣ್ಣಿಮೆ ಒಂದು ದಿನ ಮೊದಲೇ, 20ಕ್ಕೇ, ಮುಗಿದಿತ್ತು. ಹಾಗಾಗಿ ಏಪ್ರಿಲ್ 18ರ ಹುಣ್ಣಿಮೆಗೆ ಕಾದು, 21ಕ್ಕೆ ಈಸ್ಟರ್ ಆಯಿತು. ಹಬ್ಬ ಬರಬಹುದಾದ ಮಿತಿ ಮಾರ್ಚ್ 22ರಿಂದ ಏಪ್ರಿಲ್ 25. ಕೊನೆಯ ತುದಿಯನ್ನು ಅದು 1943ರಲ್ಲಿ ಮುಟ್ಟಿತ್ತು, ಮತ್ತೆ ಮುಟ್ಟುವುದು 2038ರಲ್ಲಿ.

19 ಏಕೆ ಎಂದರೆ, 19 ಸೌರ ವರ್ಷಗಳಲ್ಲಿ 235 ಚಾಂದ್ರ ಮಾಸಗಳು ಬಹುತೇಕ ಸರಿಯಾಗಿ ಹಿಡಿಸುತ್ತವೆ. ಅಥೆನ್ಸಿನ ಮೆಟನ್ ಕ್ರಿ.ಪೂ. 432ರಲ್ಲಿ ಇದನ್ನು ಬಳಕೆಗೆ ತಂದ. ನಮ್ಮಲ್ಲಿ 19 ವರ್ಷಕ್ಕೆ ಏಳು ಅಧಿಕ ಮಾಸ ಬರುವುದಕ್ಕೂ ಇದೇ ಕಾರಣ. ಪಟ್ಟಿಯನ್ನು ಗಮನಿಸಿ: ಹುಣ್ಣಿಮೆ ವರ್ಷಕ್ಕೆ 11 ದಿನ ಹಿಂದೆ ಸರಿಯುತ್ತದೆ, ಮಾರ್ಚ್ 21ಕ್ಕಿಂತ ಹಿಂದೆ ಬಿದ್ದರೆ 30 ದಿನ ಕೂಡಿಸುತ್ತಾರೆ. 5 ಮತ್ತು 16ರ ಶೇಷದಲ್ಲಿ ಮಾತ್ರ ಒಂದು ದಿನ ಕಡಿಮೆ ಮಾಡಿದ್ದಾರೆ. 18ರಿಂದ 0ಗೆ ಹೋಗುವಾಗ 11ರ ಬದಲು 12 ದಿನ ಹಿಂದೆ ಹೋಗುತ್ತಾರೆ.

ಈ ಒಪ್ಪಂದಕ್ಕೆ ಬರಲು ಯುರೋಪು ಬಹಳ ಬಡಿದಾಡಿದೆ. ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು 325ರ ನೈಸಿಯ ಸಭೆ ತೀರ್ಮಾನಿಸಿತು. ರೋಮಿನ ಡಯೋನಿಸಿಯಸ್ ಎಂಬ ಸನ್ಯಾಸಿ 525ರಲ್ಲಿ ಅಲೆಕ್ಸಾಂಡ್ರಿಯದ ಲೆಕ್ಕದಂತೆ ಪಟ್ಟಿ ಮಾಡಿದ. ಕ್ರಿಸ್ತನ ಜನನದಿಂದ ಇಸವಿ ಎಣಿಸುವ ಪದ್ಧತಿ ಶುರುವಾದದ್ದೂ ಆ ಪಟ್ಟಿಯಿಂದಲೇ. ಆದರೂ ಉತ್ತರ ಇಂಗ್ಲೆಂಡಿನ ನಾರ್ಥಂಬ್ರಿಯದಲ್ಲಿ ರಾಜ ಓಸ್ವಿಯು ಐರಿಶ್ ಪಾದ್ರಿಗಳ ಲೆಕ್ಕ ಹಿಡಿದಿದ್ದ, ರಾಣಿ ಈನ್‌ಫ್ಲೆಡ್ ರೋಮಿನ ಲೆಕ್ಕ ಹಿಡಿದಿದ್ದಳು. ಕೆಲವು ವರ್ಷ ರಾಜ ಉಪವಾಸ ಮುಗಿಸಿ ಹಬ್ಬದ ಊಟಕ್ಕೆ ಕೂತರೆ ರಾಣಿಗೆ ಇನ್ನೂ ಉಪವಾಸ. ಕೊನೆಗೆ 664ರಲ್ಲಿ ವಿಟ್ಬಿಯಲ್ಲಿ ಸಭೆ ಕರೆದು ರೋಮಿನ ಲೆಕ್ಕವನ್ನೇ ಒಪ್ಪಿಕೊಂಡರು.

ಪ್ರಶ್ನೆ: ಕಾರವಾರದ ಇಂಗ್ಲಿಷ್ ಕೋಠಿಯ ಮೇಲೆ ಅಧ್ಯಯನ ಮಾಡುತ್ತಿದ್ದೇನೆ. ಒಂದೇ ಘಟನೆಗೆ ಇಂಗ್ಲಿಷರ ಪತ್ರದಲ್ಲಿ ಒಂದು ತಾರೀಖು, ಪೋರ್ಚುಗೀಸರಲ್ಲಿ ಇನ್ನೊಂದು. ಕೆಲವು ಕಡೆ ಇಸವಿಯೇ ಬೇರೆ. ಯಾವುದನ್ನು ನಂಬಬೇಕು?
— ಸ್ನಾತಕೋತ್ತರ ವಿದ್ಯಾರ್ಥಿ, ಕಾರವಾರ

ಉತ್ತರ: ಎರಡೂ ಸರಿ ಇರಬಹುದು. ಸೋದೆ ಸೀಮೆಯ ಕಾಳುಮೆಣಸಿನ ಆಸೆಗೆ ಕೋರ್ಟೀನ್ ಎಂಬ ವ್ಯಾಪಾರಿ ಸಂಘದ ಇಂಗ್ಲಿಷರು 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆದಾಗ, ಕಾಳಿ ನದಿಯ ಆಚೆ ಗೋವೆಯಲ್ಲಿ ತಾರೀಖು 10 ದಿನ ಮುಂದಿತ್ತು.

ಮೂಲ ಕಾರಣ ಜೂಲಿಯಸ್ ಸೀಸರನ ವರ್ಷ. ಅದರ ಉದ್ದ 365 ದಿನ 6 ತಾಸು. ನಿಜವಾದ ಸೌರ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಚಿಕ್ಕದು. 128 ವರ್ಷಕ್ಕೆ ಒಂದು ದಿನ ತಪ್ಪುತ್ತದೆ. ಮಾರ್ಚ್ 21ಕ್ಕೆ ಇರಬೇಕಾಗಿದ್ದ ಸಮದಿನ 16ನೇ ಶತಮಾನದ ಹೊತ್ತಿಗೆ ಮಾರ್ಚ್ 11ಕ್ಕೆ ಬಂದು ನಿಂತಿತ್ತು, ಅದರೊಂದಿಗೆ ಈಸ್ಟರಿನ ಲೆಕ್ಕವೂ ಕೆಟ್ಟಿತ್ತು. ವೈದ್ಯ ಲಿಲಿಯಸ್ ಹಾಕಿಕೊಟ್ಟ ಯೋಜನೆಯನ್ನು ಗಣಿತಜ್ಞ ಕ್ಲಾವಿಯಸ್ ಮತ್ತಿತರರು ಪರಿಶೀಲಿಸಿದರು. ಪೋಪ್ 13ನೇ ಗ್ರೆಗೊರಿ 1582ರಲ್ಲಿ ಆಜ್ಞೆ ಹೊರಡಿಸಿದ. ಅಕ್ಟೋಬರ್ 4 ಗುರುವಾರದ ಮರುದಿನ ಅಕ್ಟೋಬರ್ 15 ಶುಕ್ರವಾರವಾಯಿತು. ಆವಿಲದ ಸಂತ ತೆರೇಸಾ ತೀರಿಕೊಂಡದ್ದು ಅದೇ ರಾತ್ರಿ, ಅದಕ್ಕೇ ಅವಳ ಹಬ್ಬ ಇಂದಿಗೂ ಅಕ್ಟೋಬರ್ 15. ಜೊತೆಗೆ, ನೂರರ ಇಸವಿಗಳಲ್ಲಿ 400ರಿಂದ ಭಾಗವಾಗುವವು ಮಾತ್ರ ಅಧಿಕ ವರ್ಷ ಎಂಬ ನಿಯಮವೂ ಬಂತು.

ಪೋರ್ಚುಗಲ್, ಸ್ಪೇನ್ ಕೂಡಲೇ ಒಪ್ಪಿದವು. ಪ್ರೊಟೆಸ್ಟೆಂಟ್ ಇಂಗ್ಲೆಂಡ್ ಪೋಪನ ಆಜ್ಞೆಯನ್ನು 170 ವರ್ಷ ಪಾಲಿಸಲಿಲ್ಲ. 1752ರಲ್ಲಿ ಸೆಪ್ಟೆಂಬರ್ 2 ಬುಧವಾರದ ಮರುದಿನ ಸೆಪ್ಟೆಂಬರ್ 14 ಗುರುವಾರ ಎಂದು ಮಾಡಿಕೊಂಡಿತು. ಹಾಲೆಂಡ್ ಪ್ರಾಂತ ಮಾತ್ರ ಪ್ರೊಟೆಸ್ಟೆಂಟ್ ಆಗಿದ್ದರೂ ಬೇಗ ಒಪ್ಪಿತ್ತು, ಹಾಗಾಗಿ ಡಚ್ ಕಂಪನಿಯ ಕಾಗದಗಳನ್ನು ಇಂಗ್ಲಿಷರ ಜೊತೆ ಸೇರಿಸಬೇಡಿ.

ಇಸವಿ ಬೇರೆಯಾಗುವ ಕಾರಣ ಇನ್ನೊಂದು. 1751ರವರೆಗೂ ಇಂಗ್ಲೆಂಡಿನ ಅಧಿಕೃತ ಹೊಸ ವರ್ಷ ಮಾರ್ಚ್ 25ಕ್ಕೆ. ಜನವರಿ 1ರಿಂದ ಮಾರ್ಚ್ 24ರವರೆಗಿನ ದಿನಗಳು ಹಿಂದಿನ ಇಸವಿಯಲ್ಲೇ ಉಳಿಯುತ್ತಿದ್ದವು. ಗೊಂದಲ ಬೇಡವೆಂದು ಕೆಲವು ಗುಮಾಸ್ತರು 1664/65 ಎಂದು ಎರಡನ್ನೂ ಬರೆಯುತ್ತಿದ್ದರು.

ನಿಮ್ಮ ಊರಿನ ಎದುರಿನ ಅಂಜದೀವ ದ್ವೀಪವನ್ನೇ ಉದಾಹರಣೆಗೆ ಹಿಡಿಯೋಣ. ಎರಡನೇ ಚಾರ್ಲ್ಸನ ಮದುವೆಯ ಒಪ್ಪಂದದಲ್ಲಿ ಮುಂಬಯಿ ಇಂಗ್ಲೆಂಡಿಗೆ ಸೇರಬೇಕಿತ್ತು. 1662ರಲ್ಲಿ ಬಂದ ಇಂಗ್ಲಿಷ್ ಸೈನ್ಯಕ್ಕೆ ಪೋರ್ಚುಗೀಸ್ ಅಧಿಕಾರಿಗಳು ಅದನ್ನು ಬಿಟ್ಟುಕೊಡಲಿಲ್ಲ. ಸರ್ ಅಬ್ರಹಾಂ ಶಿಪ್ಮನ್ ತನ್ನ ಜನರೊಂದಿಗೆ ಅಂಜದೀವದಲ್ಲಿ ಇಳಿದ. ರೋಗಕ್ಕೆ ನೂರಾರು ಸೈನಿಕರು ಸತ್ತರು, 1664ರಲ್ಲಿ ಅವನೂ ತೀರಿಕೊಂಡ. ಉಳಿದವರನ್ನು ಕರೆದುಕೊಂಡು ಹೋಗಿ ಹಂಫ್ರಿ ಕುಕ್ ಮುಂಬಯಿಯನ್ನು ವಶಕ್ಕೆ ಪಡೆದದ್ದು ಪೋರ್ಚುಗೀಸ್ ಎಣಿಕೆಯಲ್ಲಿ 1665ರ ಫೆಬ್ರವರಿ 18. ಇಂಗ್ಲಿಷರ ಹಳೆಯ ಎಣಿಕೆಯಲ್ಲಿ ಅದೇ ದಿನ 1664ರ ಫೆಬ್ರವರಿ 8. ಕಾಗದದ ಮೇಲೆ ಒಂದು ವರ್ಷ ಹತ್ತು ದಿನದ ಅಂತರ ಕಂಡರೂ ದಿನ ಒಂದೇ.

ಪರಿವರ್ತಿಸುವ ಕ್ರಮ: ಮೊದಲು ಪತ್ರ ಬರೆದವನು ಯಾರ ಕಡೆಯವನು ನೋಡಿ. ಇಂಗ್ಲಿಷರವನಾದರೆ, ತಾರೀಖು ಮಾರ್ಚ್ 25ಕ್ಕಿಂತ ಹಿಂದಿದ್ದರೆ ಇಸವಿಗೆ 1 ಕೂಡಿಸಿ. ಆಮೇಲೆ ದಿನ ಕೂಡಿಸಿ: ಹಳೆಯ ಎಣಿಕೆಯ 1700ರ ಫೆಬ್ರವರಿ 28ರವರೆಗೆ 10, ಅದರಿಂದೀಚೆಗೆ 1752ರವರೆಗೆ 11. 1700 ಇಂಗ್ಲಿಷರಿಗೆ ಅಧಿಕ ವರ್ಷ, ಗೋವೆಗೆ ಅಲ್ಲ, ಅದಕ್ಕೇ ಒಂದು ದಿನ ಹೆಚ್ಚಾಯಿತು. ಕೊನೆಗೆ ವಾರ ನೋಡಿ. ಎರಡು ಎಣಿಕೆಗಳಲ್ಲೂ ವಾರ ಮಾತ್ರ ಎಂದೂ ಬದಲಾಗಿಲ್ಲ. ಮೇಲಿನ ಎರಡೂ ತಾರೀಖು ಬುಧವಾರವೇ. ಸೋದೆ ಅರಸರ ಕಾಗದದಲ್ಲಿ ಶಕವರ್ಷ, ತಿಥಿಯ ಜೊತೆ ವಾರ ಬರೆದಿದ್ದರೆ ಅದು ನಿಮಗೆ ದೊಡ್ಡ ಆಧಾರ.

ಎಚ್ಚರ ಬೇಕಾದದ್ದು ಅಚ್ಚಾದ ಸಂಪುಟಗಳಲ್ಲಿ. ಎಷ್ಟೋ ಸಂಪಾದಕರು ಇಸವಿಯನ್ನು ಜನವರಿಯಿಂದ ಶುರುಮಾಡಿ ತಿದ್ದಿರುತ್ತಾರೆ, ದಿನವನ್ನು ಹಳೆಯದೇ ಬಿಟ್ಟಿರುತ್ತಾರೆ. ಮುನ್ನುಡಿ ಓದದೆ ಮತ್ತೆ 1 ಕೂಡಿಸಿದರೆ ಘಟನೆ ಒಂದು ವರ್ಷ ಆಚೆ ಹೋಗುತ್ತದೆ. 1582ಕ್ಕಿಂತ ಹಿಂದಿನ ತಾರೀಖುಗಳನ್ನು ಮುಟ್ಟಬೇಡಿ. ವಾಸ್ಕೋ ಡ ಗಾಮ 1498ರಲ್ಲಿ ಅಂಜದೀವಕ್ಕೆ ಬಂದದ್ದು, ಪೋರ್ಚುಗೀಸ್ ವೈಸರಾಯ್ ಅಲ್ಮೇಡ 1505ರಲ್ಲಿ ಅಲ್ಲಿ ಕೋಟೆ ಕಟ್ಟಲು ತೊಡಗಿದ್ದು, ಇವೆಲ್ಲ ಹಳೆಯ ಎಣಿಕೆಯಲ್ಲೇ ಇರುವುದು ರೂಢಿ. ಪ್ರಬಂಧದ ಮೊದಲ ಅಡಿಟಿಪ್ಪಣಿಯಲ್ಲೇ ನೀವು ಯಾವ ಎಣಿಕೆ ಬಳಸಿದ್ದೀರಿ ಎಂದು ಬರೆದುಬಿಡಿ.

ಪ್ರಶ್ನೆ: ರೋಮನ್ನರಿಗೂ ನಮ್ಮ ಹಾಗೆ ಅಧಿಕ ಮಾಸ ಇತ್ತೆಂದು ಕೇಳಿದ್ದೇನೆ. ಇದ್ದದ್ದೇ ಆದರೆ ಬಿಟ್ಟದ್ದೇಕೆ?
— ಪೌರೋಹಿತ್ಯ ಮಾಡುವ ಓದುಗರು, ಶಿರಸಿ

ಉತ್ತರ: ಇತ್ತು. ಆದರೆ ಅದನ್ನು ಹಾಕುವ ಅಧಿಕಾರ ರಾಜಕಾರಣಿಗಳ ಕೈಲಿತ್ತು. ರೋಮಿನ ಸಾಮಾನ್ಯ ವರ್ಷ 355 ದಿನ. ಒಂದು ವರ್ಷ ಬಿಟ್ಟು ಒಂದು ವರ್ಷ ಫೆಬ್ರವರಿಯನ್ನು 23 ಅಥವಾ 24ಕ್ಕೆ ಕತ್ತರಿಸಿ, ಅಲ್ಲಿ 27 ದಿನದ ತಿಂಗಳೊಂದನ್ನು ಸೇರಿಸುತ್ತಿದ್ದರು. ನಾಲ್ಕು ವರ್ಷಕ್ಕೆ 1465 ದಿನ, ಅಂದರೆ ವರ್ಷಕ್ಕೆ ಸರಾಸರಿ 366 ದಿನ 6 ತಾಸು. ಇದು ಒಂದು ದಿನ ಹೆಚ್ಚು. ಆದ್ದರಿಂದ ಆಗಾಗ ಅಧಿಕ ಮಾಸವನ್ನು ಬಿಡಲೇಬೇಕಿತ್ತು. ಯಾವಾಗ ಹಾಕಬೇಕು, ಯಾವಾಗ ಬಿಡಬೇಕು ಎಂದು ಹೇಳುವವರು ಪ್ರಧಾನ ಅರ್ಚಕ ಮಂಡಳಿಯವರು, ಅವರೇ ಸೆನೆಟಿನ ರಾಜಕಾರಣದಲ್ಲೂ ಇದ್ದರು. ತಮ್ಮವರು ಅಧಿಕಾರದಲ್ಲಿದ್ದರೆ ವರ್ಷ ಉದ್ದ, ಆಗದವರಿದ್ದರೆ ವರ್ಷ ಗಿಡ್ಡ. ನಮ್ಮ ಅಧಿಕ ಮಾಸಕ್ಕೆ ಸಂಕ್ರಾಂತಿ ಇಲ್ಲದ ಮಾಸ ಎಂಬ ಆಕಾಶದ ಲಕ್ಷಣ ಇದೆ, ಯಾರೂ ಮನಸ್ಸಿಗೆ ಬಂದಂತೆ ತಿರುಗಿಸಲಾಗದು. ರೋಮಿನಲ್ಲಿ ಆ ಕಟ್ಟು ಇರಲಿಲ್ಲ.

ಸೀಸರ್ ಕ್ರಿ.ಪೂ. 63ರಿಂದ ಆ ಮಂಡಳಿಯ ಮುಖ್ಯಸ್ಥ. ಅವನು ಯುದ್ಧಗಳಲ್ಲಿದ್ದ ಕಾಲದಲ್ಲಿ ಅಧಿಕ ಮಾಸಗಳು ತಪ್ಪಿಹೋಗಿ, ಸುಗ್ಗಿಯ ಹಬ್ಬ ಸುಗ್ಗಿಯಲ್ಲಿ ಬರದಂತಾಯಿತು. ಕ್ರಿ.ಪೂ. 46ರಲ್ಲಿ ಅವನು ಫೆಬ್ರವರಿಯ ನಂತರ 23 ದಿನ, ನವೆಂಬರ್–ಡಿಸೆಂಬರ್ ನಡುವೆ 67 ದಿನ ಸೇರಿಸಿದ. ಆ ವರ್ಷ 445 ದಿನವಾಯಿತು. ಮರುವರ್ಷದಿಂದ ಅಲೆಕ್ಸಾಂಡ್ರಿಯದ ಸೊಸಿಜೆನೀಸ್ ಸೂಚಿಸಿದ ಶುದ್ಧ ಸೌರಮಾನ. ಚಂದ್ರನನ್ನೇ ಬಿಟ್ಟ ಮೇಲೆ ಅಧಿಕ ಮಾಸದ ಪ್ರಶ್ನೆಯೂ ಇಲ್ಲ.

ಇಷ್ಟಾದರೂ ಒಂದು ಎಡವಟ್ಟು ಉಳಿಯಿತು. ‘ನಾಲ್ಕನೇ ವರ್ಷಕ್ಕೊಮ್ಮೆ’ ಒಂದು ದಿನ ಸೇರಿಸಿ ಎಂದಿದ್ದ ಸೀಸರ್ ಮರುವರ್ಷವೇ ಕೊಲೆಯಾದ. ರೋಮನ್ನರು ಎಣಿಸುವಾಗ ಶುರುವಿನದನ್ನೂ ಸೇರಿಸಿಕೊಳ್ಳುತ್ತಿದ್ದರು, ನಾವು ಎಂಟು ದಿನ ಎಂದು ಒಂದು ವಾರಕ್ಕೆ ಹೇಳುವಂತೆ. ಹಾಗಾಗಿ ಅರ್ಚಕರು ಮೂರು ವರ್ಷಕ್ಕೊಮ್ಮೆ ಸೇರಿಸುತ್ತ ಹೋದರು. 36 ವರ್ಷದಲ್ಲಿ 9 ಬರಬೇಕಾದಲ್ಲಿ 12 ಬಂದವು. ಮುಂದೆ ಅಗಸ್ಟಸ್ ಮೂರು ಅಧಿಕ ವರ್ಷಗಳನ್ನು ಬಿಡಿಸಿ ಇದನ್ನು ಸರಿಮಾಡಿದ.

ಪ್ರಶ್ನೆ: ಗಡಿಯಾರ ಬರುವ ಮೊದಲು ಯುರೋಪಿನ ಮಠಗಳಲ್ಲಿ ನಡುರಾತ್ರಿಯ ಪ್ರಾರ್ಥನೆಗೆ ಹೇಗೆ ಏಳುತ್ತಿದ್ದರು?
— ಒಬ್ಬ ಓದುಗರು, ಕುಮಟಾ

ಉತ್ತರ: ಮೊದಲು ಅವರ ತಾಸು ನಮ್ಮ ತಾಸಲ್ಲ ಎಂದು ನೆನಪಿಡಿ. ಹಗಲು ಎಷ್ಟೇ ಉದ್ದವಿರಲಿ 12 ಪಾಲು, ರಾತ್ರಿಯೂ 12 ಪಾಲು. ನಮ್ಮಲ್ಲಿ ರಾಹುಕಾಲಕ್ಕೆ ದಿನಮಾನವನ್ನು ಎಂಟು ಪಾಲು ಮಾಡುವ ರೀತಿಯೇ ಇದು. ಕಾರವಾರದಲ್ಲಿ ಅಂಥ ಹಗಲು ತಾಸು ಡಿಸೆಂಬರಿನಲ್ಲಿ ಸುಮಾರು 56 ನಿಮಿಷ, ಜೂನಿನಲ್ಲಿ 65. ರೋಮಿನಲ್ಲಿ ಚಳಿಗಾಲಕ್ಕೆ ಸುಮಾರು 45, ಬೇಸಿಗೆಗೆ 75. ಆರನೇ ಶತಮಾನದ ಸಂತ ಬೆನೆಡಿಕ್ಟ್ ನವೆಂಬರಿನಿಂದ ಈಸ್ಟರ್‌ವರೆಗೆ ರಾತ್ರಿಯ ಎಂಟನೇ ತಾಸಿಗೆ ಏಳಬೇಕೆಂದು ನಿಯಮ ಮಾಡಿದ. ನಡುಚಳಿಗಾಲದಲ್ಲಿ ಅದು ಈಗಿನ ಒಂದೂವರೆಯಿಂದ ಎರಡೂವರೆಯ ಒಳಗೆ ಬೀಳುತ್ತದೆ.

ಗೊತ್ತುಮಾಡಲು ನಕ್ಷತ್ರ ನೋಡುತ್ತಿದ್ದರು. ತೂರ್ ನಗರದ ಬಿಷಪ್ ಗ್ರೆಗೊರಿ ಅದೇ ಶತಮಾನದಲ್ಲಿ ಯಾವ ತಿಂಗಳಲ್ಲಿ ಯಾವ ನಕ್ಷತ್ರ ಎಲ್ಲಿಗೆ ಬಂದಾಗ ಏಳಬೇಕು ಎಂದು ಬರೆದಿಟ್ಟಿದ್ದಾನೆ. ಮೋಡವಿದ್ದರೆ ಮೇಣದ ಬತ್ತಿ, ನೀರಿನ ಗಡಿಯಾರ. ಬತ್ತಿ ಗಾಳಿಗೆ ಬೇಗ ಉರಿಯುತ್ತದೆ, ನೀರು ಚಳಿಗೆ ಹೆಪ್ಪುಗಟ್ಟುತ್ತದೆ. 13ನೇ ಶತಮಾನದ ಕೊನೆಗೆ ತೂಕ ಇಳಿಬಿಟ್ಟ ಹಲ್ಲುಚಕ್ರದ ಗಡಿಯಾರ ಬಂತು. ಚಕ್ರದ ಓಟವನ್ನು ಅಡ್ಡದಂಡವೊಂದು ಆಚೀಚೆ ತೂಗಿ ತಡೆತಡೆದು ಬಿಡುತ್ತಿತ್ತು. ಆ ದಂಡಕ್ಕೆ ತನ್ನದೇ ಆದ ನಿಶ್ಚಿತ ತೂಗಾಟ ಇರಲಿಲ್ಲ, ಎಣ್ಣೆ ಗಟ್ಟಿಯಾದರೆ ಲಯ ಬದಲಾಗುತ್ತಿತ್ತು, ದಿನಕ್ಕೆ ಕಾಲು ತಾಸು ತಪ್ಪುವುದು ಸಾಮಾನ್ಯ. ಅದಕ್ಕೇ ದಿನವೂ ನೆರಳು ಗಡಿಯಾರ ನೋಡಿ ಸರಿಮಾಡುತ್ತಿದ್ದರು. ಹೈಗೆನ್ಸ್ 1656ರಲ್ಲಿ ಲೋಲಕ ಜೋಡಿಸಿದ ಮೇಲೆ ತಪ್ಪು ದಿನಕ್ಕೆ ಒಂದು ನಿಮಿಷಕ್ಕಿಂತ ಕಡಿಮೆಯಾಯಿತು. ಯಂತ್ರಕ್ಕೆ ಹಿಗ್ಗುವ ಕುಗ್ಗುವ ತಾಸು ಹೊಂದುವುದಿಲ್ಲ, ಹಾಗಾಗಿ ಯಂತ್ರದ ಜೊತೆಗೇ ಸಮ ತಾಸು ಊರೂರಿಗೆ ಹರಡಿತು.

ಪ್ರಶ್ನೆ: ಫ್ರೆಂಚ್ ಕ್ರಾಂತಿಯವರು ಹತ್ತು ದಿನದ ವಾರ ಮಾಡಿದ್ದರಂತೆ. ಅದು ಏಕೆ ನಿಲ್ಲಲಿಲ್ಲ? ಪುಸ್ತಕಗಳಲ್ಲಿ ಬರುವ ಅವರ ತಾರೀಖನ್ನು ನಮ್ಮದಕ್ಕೆ ತರುವುದು ಹೇಗೆ?
— ಕಾಲೇಜು ವಿದ್ಯಾರ್ಥಿನಿ, ಅಂಕೋಲಾ

ಉತ್ತರ: 1793ರಲ್ಲಿ ಜಾರಿಗೆ ತಂದು, ಗಣರಾಜ್ಯ ಘೋಷಣೆಯಾದ 1792ರ ಸೆಪ್ಟೆಂಬರ್ 22ರಿಂದಲೇ ಎಣಿಸಿದರು. 30 ದಿನದ 12 ತಿಂಗಳು, ಕೊನೆಗೆ 5 ಅಥವಾ 6 ಹೆಚ್ಚಿನ ದಿನ. ತಿಂಗಳಿಗೆ ಹತ್ತು ದಿನದ ಮೂರು ವಾರ. ಸಂತರ ಹೆಸರಿನ ಬದಲು ದಿನಕ್ಕೊಂದು ಬೆಳೆ, ಐದನೇ ದಿನಕ್ಕೆ ಪ್ರಾಣಿ, ಹತ್ತನೇ ದಿನಕ್ಕೆ ಕೃಷಿ ಸಲಕರಣೆ. ದಿನಕ್ಕೆ 10 ತಾಸು, ತಾಸಿಗೆ 100 ನಿಮಿಷ. ಅಂಥ ಒಂದು ತಾಸು ನಮ್ಮ 2 ತಾಸು 24 ನಿಮಿಷ. ಇದ್ದ ಗಡಿಯಾರಗಳೆಲ್ಲ ಕೆಲಸಕ್ಕೆ ಬಾರದಾದವು, 1795ರ ಏಪ್ರಿಲಿನಲ್ಲೇ ದಶಮಾನ ತಾಸನ್ನು ಕೈಬಿಟ್ಟರು.

ವಾರದ ಸೋಲು ದುಡಿಯುವವರಿಂದ ಬಂತು. ಏಳು ದಿನಕ್ಕೊಮ್ಮೆ ಇದ್ದ ಬಿಡುವು ಹತ್ತು ದಿನಕ್ಕೊಮ್ಮೆ ಆಯಿತು. ಸಂತೆಯ ದಿನಗಳು ಕಲಸಿಹೋದವು, ಹಳ್ಳಿಗಳು ಭಾನುವಾರವನ್ನು ಬಿಡಲೇ ಇಲ್ಲ. ತಿಂಗಳ ಹೆಸರುಗಳೂ ಪ್ಯಾರಿಸಿನ ಹವೆಗೆ ಕಟ್ಟಿದವು. ಮಳೆಯ ತಿಂಗಳು ಪ್ಲುವಿಯೋಸ್ ಬರುವುದು ಜನವರಿ 20ರಿಂದ ಫೆಬ್ರವರಿ 18ರವರೆಗೆ, ನಿಮ್ಮ ಅಂಕೋಲೆಯಲ್ಲಿ ಆಗ ಉಪ್ಪಿನಾಗರದ ಕೆಲಸದ ಕಾಲ! ಎಲ್ಲ ಮನುಷ್ಯರಿಗೂ ಒಂದೇ ಕಾಲಮಾನ ಎಂದು ಹೊರಟ ಯೋಜನೆಗೆ ಇದು ದೊಡ್ಡ ಕೊರತೆ. ವರ್ಷಾರಂಭಕ್ಕೆ ಪ್ಯಾರಿಸ್ ವೀಕ್ಷಣಾಲಯದ ಸಮದಿನವೇ ಆಧಾರ ಎಂದರು, ನಾಲ್ಕು ವರ್ಷಕ್ಕೊಮ್ಮೆ ಅಧಿಕ ದಿನ ಎಂದೂ ಬರೆದರು. ಇವೆರಡೂ ಯಾವಾಗಲೂ ಒಟ್ಟಿಗೆ ಕೂಡುವುದಿಲ್ಲ.

ಪರಿವರ್ತನೆ ಸುಲಭ. ವರ್ಷ ಶುರುವಾಗುವ ವಾಂದೆಮಿಯೇರ್, ಆಮೇಲಿನ ಬ್ರುಮೇರ್, ಫ್ರಿಮೇರ್, ಮತ್ತು ನಿವೋಸಿನ ಮೊದಲ 9–11 ದಿನಗಳಿಗೆ ಅವರ ವರ್ಷಕ್ಕೆ 1791 ಕೂಡಿಸಿ, ಉಳಿದವಕ್ಕೆ 1792. ರೋಬೆಸ್ಪಿಯರ್ ಉರುಳಿದ 2ನೇ ವರ್ಷದ ತೆರ್ಮಿದೋರ್ 9 ಎಂದರೆ 1794ರ ಜುಲೈ 27. ನೆಪೋಲಿಯನ್ ಅಧಿಕಾರ ಹಿಡಿದ 8ನೇ ವರ್ಷದ ಬ್ರುಮೇರ್ 18 ಎಂದರೆ 1799ರ ನವೆಂಬರ್ 9. ತಿಂಗಳ ಶುರು ವರ್ಷದಿಂದ ವರ್ಷಕ್ಕೆ ಒಂದೆರಡು ದಿನ ಸರಿಯುತ್ತದೆ. ಒಂದು ವರ್ಷದ ಪಟ್ಟಿಯನ್ನು ಎಲ್ಲ ವರ್ಷಕ್ಕೂ ಹಚ್ಚಿದರೆ ತಪ್ಪುವುದು ಇಲ್ಲೇ. 3, 7, 11ನೇ ವರ್ಷಗಳಿಗೆ ಒಂದು ದಿನ ಹೆಚ್ಚಿತ್ತು, ಹಾಗಾಗಿ ಅವುಗಳ ಮುಂದಿನ ವರ್ಷವನ್ನು ವಿಶೇಷವಾಗಿ ನೋಡಿಕೊಳ್ಳಿ. ನೆಪೋಲಿಯನ್ನನೇ 1806ರ ಜನವರಿ 1ರಿಂದ ಗ್ರೆಗೊರಿಯ ಎಣಿಕೆಯನ್ನು ಮರಳಿ ತಂದ.